ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಮೆರಾ, ಕಂಪ್ಯೂಟರ್ ಮತ್ತು ನಡುವಿನ ತಂತಿ

ಡಿಜಿಟಲ್ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವಾಗ ಬರುವ ತೊಡಕುಗಳ ಬಗ್ಗೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರನ್ನು ಹೇಳುತ್ತವೆ: ಕ್ಯಾಮೆರಾ ಚೆನ್ನಾಗಿದೆ, ಕಂಪ್ಯೂಟರೂ ಚೆನ್ನಾಗಿದೆ, ಎರಡನ್ನೂ ಸೇರಿಸಿದರೆ ಮಾತ್ರ ಕೆಲಸ ನಡೆಯುವುದಿಲ್ಲ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ, ಎಲ್ಲರಿಗೂ ಉಪಯೋಗವಾಗುವಂಥವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಬಳಿ 2008ರಲ್ಲಿ ಕೊಂಡ ಸಣ್ಣ ಡಿಜಿಟಲ್ ಕ್ಯಾಮೆರಾ ಇದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಚಿತ್ರಗಳನ್ನು ಪ್ರತಿ ವರ್ಷ ತೆಗೆದು ಹಳೆಯ ಡೆಸ್ಕ್‌ಟಾಪ್‌ಗೆ ಹಾಕಿಕೊಳ್ಳುತ್ತಿದ್ದೆ. ಈಗ ಮಗ ಕೊಡಿಸಿದ ಹೊಸ ಲ್ಯಾಪ್‌ಟಾಪ್‌ಗೆ ಅದೇ ಕೇಬಲ್ ಚುಚ್ಚಿದರೆ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂದು ಬರುತ್ತದೆ. ಅಂಗಡಿಯವರು ಕ್ಯಾಮೆರಾ ಹೋಗಿದೆ, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ನಿಜವೇ?
— ನಿವೃತ್ತ ಶಿಕ್ಷಕಿ, ಜಯನಗರ

ಉತ್ತರ: ಅಂಗಡಿಯವರ ಮಾತನ್ನು ಒಪ್ಪುವ ಮೊದಲು ಕ್ಯಾಮೆರಾವನ್ನು ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೊಮ್ಮೆ ಜೋಡಿಸಿ ನೋಡಿ. ಅಲ್ಲಿ ಈಗಲೂ ಚಿತ್ರಗಳು ಬಂದರೆ ಕ್ಯಾಮೆರಾ, ಅದರ ಸಾಕೆಟ್ ಮತ್ತು ಕೇಬಲ್ ಮೂರೂ ಸರಿಯಾಗಿವೆ ಎಂದೇ ಅರ್ಥ. ಉಳಿಯುವುದು ಹೊಸ ಲ್ಯಾಪ್‌ಟಾಪ್‌ಗೂ ಹಳೆಯ ಕ್ಯಾಮೆರಾಕ್ಕೂ ಹೊಂದಾಣಿಕೆ ಆಗದಿರುವ ವಿಷಯ ಮಾತ್ರ.

ನಿಮಗೆ ಬಂದಿರುವ ಸಂದೇಶವೇ ಒಂದು ಸುಳಿವು. ಯುಎಸ್‌ಬಿ 2.0 ಕೇಬಲ್‌ನೊಳಗೆ ನಾಲ್ಕು ತಂತಿಗಳಿರುತ್ತವೆ: 5 ವೋಲ್ಟ್ ವಿದ್ಯುತ್ತಿಗೆ ಒಂದು, ಅದರ ಗ್ರೌಂಡ್‌ಗೆ ಒಂದು, ಮಾಹಿತಿ ಸಾಗಿಸಲು ಎರಡು. ಕ್ಯಾಮೆರಾ ಜೋಡಣೆಯಾದಾಗ ಮಾಹಿತಿಯ ಎರಡು ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಒಂದು ರೆಸಿಸ್ಟರ್ ಮೂಲಕ ಮೇಲಕ್ಕೇರಿಸಿ ‘ನಾನು ಬಂದಿದ್ದೇನೆ’ ಎಂದು ತಿಳಿಸುತ್ತದೆ. ಕಂಪ್ಯೂಟರ್ ಕೂಡಲೇ ‘ನೀನು ಯಾರು, ಏನು ಮಾಡಬಲ್ಲೆ’ ಎಂದು ಕೇಳುತ್ತದೆ. ಗುರುತಿಸಲಾಗಲಿಲ್ಲ ಎಂಬ ಸಂದೇಶ ಬಂದಿದೆ ಎಂದರೆ, ಯಾರೋ ಬಂದಿದ್ದಾರೆ ಎಂಬುದು ಕಂಪ್ಯೂಟರಿಗೆ ಗೊತ್ತಾಗಿದೆ, ಆದರೆ ತನ್ನ ಪ್ರಶ್ನೆಗೆ ಅರ್ಥವಾಗುವ ಉತ್ತರ ಸಿಕ್ಕಿಲ್ಲ. ಚಾರ್ಜ್ ಮಾಡಲು ಮಾತ್ರ ಬರುವ, ಎರಡೇ ತಂತಿಯ ಕೇಬಲ್ ಹಾಕಿದ್ದರೆ ಇಂಥ ಸಂದೇಶವೂ ಬರುತ್ತಿರಲಿಲ್ಲ, ಕಂಪ್ಯೂಟರ್ ಸುಮ್ಮನಿರುತ್ತಿತ್ತು. (ಕೆಲವು ವರ್ಷಗಳ ಹಿಂದೆ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ನಾನೇ ಅಂಥ ಕೇಬಲ್ ಕೊಂಡು, ಅರ್ಧ ದಿನ ಕ್ಯಾಮೆರಾದ ಸಾಕೆಟ್ಟನ್ನು ಶಂಕಿಸುತ್ತ ಕುಳಿತಿದ್ದೆ. ಅಂದಿನಿಂದ ಹೊಸ ಕೇಬಲ್ ತಂದರೆ ಮೊದಲು ಒಂದು ಫೋನಿಗೆ ಜೋಡಿಸಿ, ಚಿತ್ರಗಳು ಕಂಪ್ಯೂಟರಿನಲ್ಲಿ ಕಾಣುತ್ತವೆಯೇ ಎಂದು ನೋಡಿಯೇ ಒಳಗಿಡುತ್ತೇನೆ.)

ಇನ್ನು ಉತ್ತರ ಏಕೆ ಸಿಗುವುದಿಲ್ಲ ಎಂಬುದು. 2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಆ ವೇಗದ ಸಾಧನವೂ ಆರಂಭದಲ್ಲಿ ಹಳೆಯ 12 ಮೆಗಾಬಿಟ್ ವೇಗದ ಸಾಧನದಂತೆಯೇ ಪರಿಚಯ ಮಾಡಿಕೊಂಡು, ಆಮೇಲೆ ಪೋರ್ಟಿನೊಂದಿಗೆ ಒಂದು ಬಗೆಯ ಸನ್ನೆ ವಿನಿಮಯ ಮಾಡಿಕೊಂಡು ಹೆಚ್ಚಿನ ವೇಗಕ್ಕೆ ಏರುತ್ತದೆ. 2008ರಲ್ಲಿ ಯುಎಸ್‌ಬಿ 3.0 ಬಂದ ಮೇಲೆ ಕಂಪ್ಯೂಟರಿನೊಳಗಿನ ನಿಯಂತ್ರಕವೇ ಬದಲಾಯಿತು. ಹೊಸ ಪೋರ್ಟ್ ಹಳೆಯ ಸಾಧನಗಳನ್ನೂ ನಡೆಸಬೇಕು ಎಂಬುದು ನಿಯಮ, ಹೆಚ್ಚಿನವು ನಡೆಯುತ್ತವೆ ಕೂಡ. ಆದರೆ ಸಮಯದ ಲೆಕ್ಕದಲ್ಲಿ ಸ್ವಲ್ಪ ಸಡಿಲವಾಗಿ ತಯಾರಾದ ಹಳೆಯ ಕ್ಯಾಮೆರಾಗಳು ಈ ಆರಂಭದ ಪರಿಚಯದಲ್ಲೇ ಎಡವುತ್ತವೆ.

ಇದಕ್ಕೆ ಅಗ್ಗದ ಉಪಾಯವೊಂದಿದೆ. ಯುಎಸ್‌ಬಿ 2.0ರ ಸಾಧಾರಣ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಣ್ಣ ಪೆಟ್ಟಿಗೆ) ಒಂದನ್ನು ತಂದು ಲ್ಯಾಪ್‌ಟಾಪ್‌ಗೆ ಹಾಕಿ, ಕ್ಯಾಮೆರಾವನ್ನು ಆ ಹಬ್‌ಗೆ ಜೋಡಿಸಿ. ಆಗ ಕ್ಯಾಮೆರಾದ ಆರಂಭದ ಸನ್ನೆ ವಿನಿಮಯ ಹಬ್‌ನ ಜೊತೆ ನಡೆಯುತ್ತದೆಯೇ ಹೊರತು ಲ್ಯಾಪ್‌ಟಾಪ್‌ನ ಪೋರ್ಟಿನ ಜೊತೆ ಅಲ್ಲ; ವೇಗದ ವ್ಯತ್ಯಾಸವನ್ನೂ ಹಬ್ಬೇ ಸರಿದೂಗಿಸುತ್ತದೆ. ಹೊಸ 3.0 ಹಬ್ ಕೊಳ್ಳಬೇಡಿ, ಇಲ್ಲಿ ನಮಗೆ ಬೇಕಾಗಿರುವುದು ಹಳೆಯದೇ. ಲ್ಯಾಪ್‌ಟಾಪ್‌ನಲ್ಲಿ ಒಳಗೆ ಕಪ್ಪು ಬಣ್ಣದ ಪೋರ್ಟ್ ಒಂದಾದರೂ ಇದ್ದರೆ ಹಬ್ ಇಲ್ಲದೆ ಮೊದಲು ಅದರಲ್ಲೇ ಪ್ರಯತ್ನಿಸಿ. ನೀಲಿ ಬಣ್ಣದ್ದು ಸಾಮಾನ್ಯವಾಗಿ 3.0, ಕಪ್ಪು ಅಥವಾ ಬಿಳಿ ಸಾಮಾನ್ಯವಾಗಿ 2.0, ಆದರೆ ಬಣ್ಣದ ಈ ರೂಢಿಯನ್ನು ಎಲ್ಲ ತಯಾರಕರೂ ಪಾಲಿಸುವುದಿಲ್ಲ.

ಒಮ್ಮೆ ವಿಫಲವಾದ ಪರಿಚಯವನ್ನು ವಿಂಡೋಸ್ ನೆನಪಿಟ್ಟುಕೊಳ್ಳುವುದೂ ಉಂಟು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ ಕಾಣುವ ಅಪರಿಚಿತ ಸಾಧನವನ್ನು ಅಳಿಸಿ, ಕೇಬಲ್ ಬಿಚ್ಚಿ, ಲ್ಯಾಪ್‌ಟಾಪ್ ಮರುಚಾಲೂ ಮಾಡಿ, ಕ್ಯಾಮೆರಾವನ್ನು ಚಿತ್ರ ನೋಡುವ ಸ್ಥಿತಿಗೆ ತಂದು, ಕೊನೆಯಲ್ಲಿ ಕೇಬಲ್ ಚುಚ್ಚಿ. ಕ್ಯಾಮೆರಾದ ಜೊತೆ ಬಂದಿದ್ದ ಸಿ.ಡಿ.ಯಲ್ಲಿರುವ ತಂತ್ರಾಂಶವನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಲು ಹೋಗಬೇಡಿ. ಅದು ಆ ಕಾಲದ ವಿಂಡೋಸ್‌ಗೆ ಬರೆದದ್ದು, ಮತ್ತು ಚಿತ್ರ ತೆಗೆದುಕೊಳ್ಳುವುದಕ್ಕೆ ಅದರ ಅಗತ್ಯವೇ ಇಲ್ಲ.

ಪ್ರಶ್ನೆ: ಕಡಲೆಕಾಯಿ ಪರಿಷೆಯ ಚಿತ್ರಗಳನ್ನು ನಕಲು ಮಾಡುವಾಗ ಪ್ರತಿ ಸಲ ನಲವತ್ತು ಐವತ್ತು ಚಿತ್ರಗಳಾದ ಮೇಲೆ ಸಂಪರ್ಕ ಕಡಿದುಹೋಗುತ್ತದೆ. ಕ್ಯಾಬಿನೆಟ್‌ನ ಮುಂಭಾಗದ ಪೋರ್ಟ್ ಬಳಸುತ್ತಿದ್ದೇನೆ.
— ಪದವಿ ವಿದ್ಯಾರ್ಥಿ, ವಿಜಯನಗರ

ಉತ್ತರ: ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಹೋಗಿ. ಹಿಂದಿನ ಪೋರ್ಟ್‌ಗಳನ್ನು ನೇರವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಮುಂದಿನವು ಒಳಗಿನ ಒಂದು ತಂತಿಯ ಮೂಲಕ ಮದರ್‌ಬೋರ್ಡಿನ ಪಿನ್‌ಗಳಿಗೆ ಸೇರುತ್ತವೆ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಈ ತಂತಿಗೆ ಸರಿಯಾದ ಕವಚ ಇರುವುದಿಲ್ಲ, ಪಿನ್ನಿಗೆ ಹಾಕಿದ ಕನೆಕ್ಟರ್ ಸಡಿಲವಾಗಿರುವುದೂ ಉಂಟು. ಪೆನ್‌ಡ್ರೈವ್‌ನಿಂದ ಒಂದೆರಡು ಕಡತ ತೆಗೆಯುವಾಗ ಕಾಣದ ಈ ದೋಷ ನೂರಾರು ಚಿತ್ರಗಳನ್ನು ಎಡೆಬಿಡದೆ ಸಾಗಿಸುವಾಗ ಹೊರಬರುತ್ತದೆ. ಕೇಬಲ್‌ನ ಉದ್ದವನ್ನೂ ಗಮನಿಸಿ. ಯುಎಸ್‌ಬಿ 2.0ಗೆ 5 ಮೀಟರ್ ಮೇರೆ ಎಂದು ನಿಗದಿಯಾಗಿದೆ, ಆದರೆ ಸಾಧಾರಣ ಕೇಬಲ್‌ಗೆ ಎಕ್ಸ್‌ಟೆನ್ಷನ್ ಸೇರಿಸಿದಾಗ ಎರಡು ಮೂರು ಮೀಟರಿಗೇ ತೊಂದರೆ ಶುರುವಾಗಬಹುದು.

ಹಿಂದಿನ ಪೋರ್ಟಿನಲ್ಲೂ ಹೀಗೆಯೇ ಆದರೆ ಎರಡು ಅನುಮಾನಗಳು ಉಳಿಯುತ್ತವೆ. ಒಂದು, ಕ್ಯಾಮೆರಾ ತಾನೇ ನಿದ್ರೆಗೆ ಹೋಗುತ್ತಿರಬಹುದು. ಮೆನುವಿನಲ್ಲಿ ವಿದ್ಯುತ್ ಉಳಿತಾಯದ ಅವಧಿಯನ್ನು ಹೆಚ್ಚಿಸಿ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಕೂರಿ. ಇನ್ನೊಂದು, ವಿಂಡೋಸ್ ಬಳಕೆಯಲ್ಲಿಲ್ಲದ ಪೋರ್ಟನ್ನು ಮಲಗಿಸುವ ವ್ಯವಸ್ಥೆ. ಪವರ್ ಆಪ್ಷನ್ಸ್‌ನಲ್ಲಿರುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ಸ್ವಲ್ಪ ಕಾಲ ನಿಲ್ಲಿಸಿ ನೋಡಬಹುದು. ಇವೆರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಆಮೇಲೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮತ್ತೆ ಒಂದು ಮಾತು: ‘ಕಟ್’ ಮಾಡಿ ‘ಪೇಸ್ಟ್’ ಮಾಡುವ ಅಭ್ಯಾಸವಿದ್ದರೆ ಬಿಡಿ. ನಕಲು ಮಾಡಿ, ಚಿತ್ರಗಳನ್ನು ತೆರೆದು ನೋಡಿ, ಆಮೇಲೆ ಕಾರ್ಡಿನಿಂದ ಅಳಿಸಿ.

ಪ್ರಶ್ನೆ: ಹಳೆಯ ಕ್ಯಾಮೆರಾ ಜೋಡಿಸಿದರೆ ‘ಮೈ ಕಂಪ್ಯೂಟರ್’ನಲ್ಲಿ ಎಫ್ ಡ್ರೈವ್ ಎಂದು ಬರುತ್ತಿತ್ತು. ಹೊಸ ಕ್ಯಾಮೆರಾಕ್ಕೆ ಡ್ರೈವ್ ಅಕ್ಷರವೇ ಬರುವುದಿಲ್ಲ, ಕ್ಯಾಮೆರಾದ ಚಿತ್ರವೊಂದು ಕಾಣುತ್ತದೆ ಅಷ್ಟೆ. ಮಗಳ ಮ್ಯಾಕ್‌ಬುಕ್‌ನಲ್ಲಂತೂ ಕಡತಗಳನ್ನು ತೋರಿಸುವ ಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ. ಪೋರ್ಟ್ ಕೆಟ್ಟಿದೆಯೇ?
— ಓದುಗರು, ಮಲ್ಲೇಶ್ವರಂ

ಉತ್ತರ: ಏನೂ ಕೆಟ್ಟಿಲ್ಲ. ನಿಮ್ಮ ಎರಡು ಕ್ಯಾಮೆರಾಗಳು ಎರಡು ಭಾಷೆಗಳಲ್ಲಿ ಮಾತನಾಡುತ್ತಿವೆ.

ಹಳೆಯದು ತನ್ನನ್ನು ‘ಮಾಸ್ ಸ್ಟೋರೇಜ್’ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಆ ಕ್ರಮದಲ್ಲಿ ಕ್ಯಾಮೆರಾ ತನ್ನ ಕಾರ್ಡಿನ ಬೀಗದ ಕೈಯನ್ನೇ ಕಂಪ್ಯೂಟರಿಗೆ ಒಪ್ಪಿಸಿಬಿಡುತ್ತದೆ. ಕಂಪ್ಯೂಟರ್ ಅದನ್ನು ಒಂದು ಪೆನ್‌ಡ್ರೈವ್‌ನಂತೆ ಕಂಡು ಅಕ್ಷರ ಕೊಡುತ್ತದೆ. ಹೊಸದು ಬಳಸುವುದು ಪಿಟಿಪಿ, ಅಂದರೆ ಚಿತ್ರ ವರ್ಗಾವಣೆಗೆಂದೇ ರೂಪಿಸಿದ, ಐಎಸ್‌ಒ 15740 ಎಂಬ ಅಂತರರಾಷ್ಟ್ರೀಯ ಮಾನಕವಾಗಿರುವ ಕ್ರಮ. ಇದರಲ್ಲಿ ಬೀಗದ ಕೈ ಕ್ಯಾಮೆರಾದ ಬಳಿಯೇ ಉಳಿಯುತ್ತದೆ. ಕಂಪ್ಯೂಟರ್ ‘ಇಂಥ ಚಿತ್ರ ಕೊಡು’ ಎಂದು ಕೇಳಬೇಕು, ಕ್ಯಾಮೆರಾ ಎತ್ತಿ ಕೊಡಬೇಕು. ಮೊದಲನೆಯದು ನೀವೇ ಉಗ್ರಾಣಕ್ಕೆ ಹೋಗಿ ಸಾಮಾನು ತೆಗೆದುಕೊಂಡಂತೆ, ಎರಡನೆಯದು ಕಟ್ಟೆಯ ಮುಂದೆ ನಿಂತು ಕೇಳಿ ಪಡೆದಂತೆ. ಆಂಡ್ರಾಯ್ಡ್ ಫೋನುಗಳಲ್ಲಿ ಕಾಣುವ ಎಂಟಿಪಿ ಇದೇ ಪಿಟಿಪಿಯ ಮೇಲೆ ಮೈಕ್ರೋಸಾಫ್ಟ್ ಕಟ್ಟಿದ ವಿಸ್ತರಣೆ.

ಮ್ಯಾಕ್‌ನಲ್ಲಿ ಪಿಟಿಪಿ ಕ್ಯಾಮೆರಾ ಫೈಂಡರ್‌ನಲ್ಲಿ ಕಾಣುವುದಿಲ್ಲ. ‘ಇಮೇಜ್ ಕ್ಯಾಪ್ಚರ್’ ಅಥವಾ ‘ಫೋಟೋಸ್’ ತೆರೆಯಲು ಹೇಳಿ, ಅಲ್ಲಿ ಸಿಗುತ್ತದೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಯುಎಸ್‌ಬಿ ಜೋಡಣೆಯ ಬಗೆಯನ್ನು ಆಯ್ಕೆ ಮಾಡುವ ಸೌಲಭ್ಯವಿದೆ. ನಿಮ್ಮದರಲ್ಲಿ ಇದ್ದರೆ ಮಾಸ್ ಸ್ಟೋರೇಜ್ ಆರಿಸಿದಾಗ ಎಫ್ ಡ್ರೈವ್ ಮರಳಿ ಬಂದೀತು.

ಇದೇ ಪ್ರಶ್ನೆಯ ಒಂದು ತಲೆಕೆಳಗಾದ ರೂಪವನ್ನು ಕಚೇರಿಯೊಂದರಿಂದ ಮತ್ತೊಬ್ಬರು ಬರೆದಿದ್ದಾರೆ: ಮಾಸ್ ಸ್ಟೋರೇಜ್ ಕ್ಯಾಮೆರಾ ಮನೆಯಲ್ಲಿ ತೆರೆದುಕೊಳ್ಳುತ್ತದೆ, ಕಚೇರಿಯಲ್ಲಿ ‘ಟಿಂಗ್’ ಎಂದು ಸದ್ದಾದರೂ ಡ್ರೈವ್ ಕಾಣುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್‌ನ ಹಂಚಿಕೆಯ ಡ್ರೈವ್‌ಗೆ ಅದೇ ಅಕ್ಷರ ಕೊಟ್ಟಿರುವ ಸಂಭವ ಹೆಚ್ಚು. ವಿಂಡೋಸ್ ಎಕ್ಸ್‌ಪಿಯಲ್ಲಿ ಇದು ತೀರಾ ಸಾಮಾನ್ಯ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕ್ಯಾಮೆರಾಕ್ಕೆ ಬೇರೆ ಅಕ್ಷರ ಕೊಟ್ಟರೆ ಮುಗಿಯಿತು. ಇನ್ನು ವೈಫೈ ಇರುವ ಕ್ಯಾಮೆರಾದವರು ಒಂದು ಸಂಗತಿ ತಿಳಿದಿರಲಿ: ಕ್ಯಾನನ್‌ನ ಕೆಲವು ಡಿಎಸ್‌ಎಲ್‌ಆರ್‌ಗಳಲ್ಲಿ ವೈಫೈ ಚಾಲೂ ಇದ್ದರೆ ಯುಎಸ್‌ಬಿ ಜೋಡಣೆ ಕೆಲಸ ಮಾಡುವುದಿಲ್ಲ. ಇದು ದೋಷವಲ್ಲ, ಕೈಪಿಡಿಯಲ್ಲೇ ಬರೆದಿದೆ. ಕೈಪಿಡಿ ಓದುವವರು ಕಡಿಮೆ ಅಷ್ಟೆ.

ಪ್ರಶ್ನೆ: ನಮ್ಮದು ಮದುವೆ ಚಿತ್ರಗಳ ಸಣ್ಣ ಸ್ಟುಡಿಯೋ. ಆಲ್ಬಂ ವಿನ್ಯಾಸದ ತಂತ್ರಾಂಶಕ್ಕಾಗಿ ಒಂದು ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿದ್ದೇವೆ. 64 ಜಿಬಿ ಕಾರ್ಡನ್ನು ಕಾರ್ಡ್ ರೀಡರ್‌ಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಕಾರ್ಡ್ ಹಾಳಾಗಿದೆಯೇ?
— ಛಾಯಾಗ್ರಾಹಕರು, ರಾಜಾಜಿನಗರ

ಉತ್ತರ: ‘ಯೆಸ್’ ಒತ್ತಬೇಡಿ. ಒತ್ತಿದರೆ ಯಾರದೋ ಮುಹೂರ್ತದ ಚಿತ್ರಗಳು ಹೋದಾವು. ಕಾರ್ಡ್ ಸರಿಯಾಗಿದೆ, ಆ ಕಂಪ್ಯೂಟರಿಗೆ ಅದನ್ನು ಓದಲು ಬರುವುದಿಲ್ಲ.

ಎಸ್‌ಡಿ ಕಾರ್ಡ್‌ಗಳು ನೋಡಲು ಒಂದೇ ಗಾತ್ರ, ಒಳಗೆ ಬೇರೆ ಬೇರೆ ಪೀಳಿಗೆ. 2 ಜಿಬಿವರೆಗಿನವು ಮೊದಲ ಪೀಳಿಗೆಯ ಎಸ್‌ಡಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದರೊಳಗಿನ ಕಡತ ವ್ಯವಸ್ಥೆ (ಕಡತಗಳನ್ನು ಜೋಡಿಸಿಡುವ ಕ್ರಮ) ಫ್ಯಾಟ್32. ಅದಕ್ಕೂ ದೊಡ್ಡವು 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ, ಅವು ಬಳಸುವುದು ಎಕ್ಸ್‌ಫ್ಯಾಟ್. ಎಕ್ಸ್‌ಪಿಗೆ ಎಕ್ಸ್‌ಫ್ಯಾಟ್ ಹುಟ್ಟಿನಿಂದ ಬಾರದು. ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಕೊಟ್ಟಿದ್ದ ಅಪ್‌ಡೇಟ್ ಹಾಕಿದ್ದರೆ ಮಾತ್ರ ಬರುತ್ತದೆ. ತನಗೆ ಓದಲು ಬಾರದ ಕಾರ್ಡನ್ನು ಖಾಲಿ ಕಾರ್ಡ್ ಎಂದು ಭಾವಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದು ವಿಂಡೋಸ್‌ನ ಕೆಟ್ಟ ಚಾಳಿಗಳಲ್ಲಿ ಒಂದು.

ಈಗ ಮಾಡಬೇಕಾದದ್ದು ತುಸು ವಿಚಿತ್ರವಾಗಿ ಕಾಣಬಹುದು. ಸಾಮಾನ್ಯವಾಗಿ ಎಲ್ಲರಿಗೂ ಕಾರ್ಡ್ ರೀಡರ್ ಬಳಸಿ ಎಂದೇ ಹೇಳುವ ನಾನು, ನಿಮಗೆ ಮಾತ್ರ ರೀಡರ್ ಬದಿಗಿಟ್ಟು ಕಾರ್ಡನ್ನು ಕ್ಯಾಮೆರಾಕ್ಕೇ ಮರಳಿ ಹಾಕಿ ಕೇಬಲ್‌ನಿಂದ ಜೋಡಿಸಿ ಎನ್ನುತ್ತೇನೆ. ಮೇಲಿನ ಉತ್ತರದಲ್ಲಿ ಹೇಳಿದ ಪಿಟಿಪಿ ಇಲ್ಲಿ ಕೈಹಿಡಿಯುತ್ತದೆ. ಪಿಟಿಪಿಯಲ್ಲಿ ಕಾರ್ಡ್ ಓದುವ ಕೆಲಸ ಕ್ಯಾಮೆರಾದ್ದು. ಕಂಪ್ಯೂಟರಿಗೆ ಬರುವುದು ಚಿತ್ರ ಮಾತ್ರ, ಅದು ಯಾವ ಕಡತ ವ್ಯವಸ್ಥೆಯಲ್ಲಿ ಕೂತಿತ್ತು ಎಂಬುದು ಅದಕ್ಕೆ ತಿಳಿಯಬೇಕಾಗಿಯೇ ಇಲ್ಲ. ಎಕ್ಸ್‌ಪಿಗೆ ಪಿಟಿಪಿ ಗೊತ್ತು. ಎಸ್‌ಡಿಎಚ್‌ಸಿ ಕಾರ್ಡನ್ನು ಗುರುತಿಸದ ತೀರಾ ಹಳೆಯ ಕಾರ್ಡ್ ರೀಡರ್ ಇರುವವರಿಗೂ ಇದೇ ದಾರಿ. ಕ್ಯಾಮೆರಾ ಮಾಸ್ ಸ್ಟೋರೇಜ್ ಸ್ಥಿತಿಯಲ್ಲಿದ್ದರೆ ಈ ಉಪಾಯ ನಡೆಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ, ಏಕೆಂದರೆ ಆಗ ಕಾರ್ಡ್ ಓದುವ ಹೊಣೆ ಮತ್ತೆ ಎಕ್ಸ್‌ಪಿಯ ತಲೆಗೇ ಬರುತ್ತದೆ.

ಸಾವಿರಾರು ಚಿತ್ರಗಳಿರುವ ಕಾರ್ಡ್ ಆದ್ದರಿಂದ ಪಟ್ಟಿ ಮೂಡಲು ಕೆಲವು ನಿಮಿಷ ಹಿಡಿಯಬಹುದು. ಕೆಟ್ಟಿದೆ ಎಂದು ಕೇಬಲ್ ಕೀಳಬೇಡಿ.

ಪ್ರಶ್ನೆ: ಹಳೆಯ ಕಂಪ್ಯೂಟರ್, ಯುಎಸ್‌ಬಿ 1.1 ಪೋರ್ಟ್. 16 ಜಿಬಿ ಕಾರ್ಡ್ ಖಾಲಿ ಮಾಡಲು ಎಷ್ಟು ಹೊತ್ತು ಬೇಕು?
— ಓದುಗರು, ಹನುಮಂತನಗರ

ಉತ್ತರ: ಸೆಕೆಂಡಿಗೆ 12 ಮೆಗಾಬಿಟ್ ಎಂದರೆ ಲೆಕ್ಕಕ್ಕೆ ಒಂದೂವರೆ ಮೆಗಾಬೈಟ್, ನಿಜದಲ್ಲಿ ಸುಮಾರು ಒಂದು. ಹದಿನಾರು ಸಾವಿರ ಸೆಕೆಂಡ್, ಅಂದರೆ ನಾಲ್ಕೂವರೆ ಗಂಟೆಯ ಹತ್ತಿರ. ಮದರ್‌ಬೋರ್ಡಿನಲ್ಲಿ ಹೆಚ್ಚುವರಿ ಕಾರ್ಡ್ ಹಾಕುವ ಪಿಸಿಐ ಸ್ಲಾಟ್ ಖಾಲಿ ಇದ್ದರೆ ಯುಎಸ್‌ಬಿ 2.0 ಕಾರ್ಡ್ ಹಾಕಿಸಿ; ವಿಂಡೋಸ್ ಎಕ್ಸ್‌ಪಿ ಆದರೆ ಸರ್ವೀಸ್ ಪ್ಯಾಕ್ 1 ಅಥವಾ ಅದರ ಮುಂದಿನದು ಇರಬೇಕು. ಆಗ ಅದೇ ಕೆಲಸ ಹತ್ತು ನಿಮಿಷದ ಆಸುಪಾಸಿಗೆ ಇಳಿದೀತು.

ಪ್ರಶ್ನೆ: ನಮ್ಮದು ಹಳೆಯ ಕಾಲದ ಮನೆ. ಕ್ಯಾಮೆರಾದ ಕೇಬಲ್ ಚುಚ್ಚುವಾಗ ಕ್ಯಾಬಿನೆಟ್‌ಗೆ ಕೈ ತಾಗಿದರೆ ಜುಮ್ಮೆನ್ನುತ್ತದೆ. ಹೋದ ತಿಂಗಳು ಕ್ಯಾಮೆರಾ ಟಿ.ವಿ.ಗೂ ಕಂಪ್ಯೂಟರಿಗೂ ಒಟ್ಟಿಗೆ ಜೋಡಣೆಯಾಗಿದ್ದಾಗ ಸಣ್ಣ ಕಿಡಿ ಹಾರಿ, ಅಂದಿನಿಂದ ಕ್ಯಾಮೆರಾದ ಯುಎಸ್‌ಬಿ ಕೆಲಸ ಮಾಡುತ್ತಿಲ್ಲ. ಕ್ಯಾಮೆರಾದಲ್ಲಿ ಚಿತ್ರ ಮಾತ್ರ ಬೀಳುತ್ತದೆ.
— ಗೃಹಿಣಿ, ಚಾಮರಾಜಪೇಟೆ

ಉತ್ತರ: ಈ ಪತ್ರಕ್ಕೆ ಕ್ಯಾಮೆರಾದವರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಉತ್ತರ ಕೊಡಬೇಕು. ನಿಮ್ಮ ಮನೆಯ ಆ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಕಡಿದುಹೋಗಿದೆ.

ಡೆಸ್ಕ್‌ಟಾಪ್‌ಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ, ಫೇಸ್‌ನಿಂದ ಒಂದು ಮತ್ತು ನ್ಯೂಟ್ರಲ್‌ನಿಂದ ಒಂದರಂತೆ, ಲೋಹದ ಕವಚಕ್ಕೆ ಸೇರುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ವಿದ್ಯುತ್ ಗದ್ದಲವನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ನೆಲವೇ ಇಲ್ಲದಿದ್ದಾಗ ಕ್ಯಾಬಿನೆಟ್ 230 ವೋಲ್ಟಿನ ಅರ್ಧದಷ್ಟು ಒತ್ತಡದಲ್ಲಿ ತೇಲುತ್ತದೆ. ಹರಿಯುವ ವಿದ್ಯುತ್ ಬಹಳ ಕಡಿಮೆ ಆದ್ದರಿಂದ ನಿಮಗೆ ಜುಮ್ಮೆನ್ನುತ್ತದೆ ಅಷ್ಟೆ, ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಆದರೆ ಕ್ಯಾಮೆರಾದ ಒಂದು ತುದಿ ಇಂಥ ಕ್ಯಾಬಿನೆಟ್‌ಗೂ ಇನ್ನೊಂದು ತುದಿ ಟಿ.ವಿ.ಗೂ ಸೇರಿದಾಗ, ಕೇಬಲ್ ಟಿ.ವಿ.ಯ ತಂತಿ ಎಲ್ಲೋ ನೆಲ ಮುಟ್ಟಿರುವುದರಿಂದ, ಎರಡರ ನಡುವಿನ ವ್ಯತ್ಯಾಸವೆಲ್ಲ ಕ್ಯಾಮೆರಾದ ಮೂಲಕವೇ ದಾರಿ ಹುಡುಕುತ್ತದೆ. ಯುಎಸ್‌ಬಿ ಪ್ಲಗ್‌ನಲ್ಲಿ ಹೊರಗಿನ ಲೋಹ ಮೊದಲು ತಾಗಿ, ವಿದ್ಯುತ್ತಿನ ಉದ್ದ ಪಿನ್‌ಗಳು ಆಮೇಲೆ, ಮಾಹಿತಿಯ ಗಿಡ್ಡ ಪಿನ್‌ಗಳು ಕೊನೆಯಲ್ಲಿ ತಾಗುವಂತೆ ಮಾಡಿರುವುದು ಇಂಥ ಆಘಾತ ತಪ್ಪಿಸಲೆಂದೇ. ಸವೆದ ಸಾಕೆಟ್‌ನಲ್ಲಿ ಪ್ಲಗ್ ಓರೆಯಾಗಿ ಹೋದರೆ ಆ ರಕ್ಷಣೆ ಸಾಲದು.

ನಿಮ್ಮ ಕ್ಯಾಮೆರಾದಲ್ಲಿ ಸುಟ್ಟಿರುವುದು ಬಹುಶಃ ಯುಎಸ್‌ಬಿ ಭಾಗ ಮಾತ್ರ. ದುರಸ್ತಿಗೆ ಬೋರ್ಡನ್ನೇ ಬದಲಿಸಬೇಕಾದೀತು, ಅದರ ಖರ್ಚು ಹಳೆಯ ಕ್ಯಾಮೆರಾಕ್ಕೆ ತಕ್ಕುದಲ್ಲ. ಒಂದು ಕಾರ್ಡ್ ರೀಡರ್ ಕೊಂಡು ಕ್ಯಾಮೆರಾವನ್ನು ಹಾಗೆಯೇ ಬಳಸಿ.

ಅರ್ಥಿಂಗ್ ಸರಿಪಡಿಸುವ ವಿಷಯದಲ್ಲಿ ಒಂದು ಎಚ್ಚರಿಕೆ. ಅರ್ಥ್ ತಂತಿಯೇ ಇಲ್ಲದ ಹಳೆಯ ಮನೆಗಳಲ್ಲಿ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ತಂತಿ ಎಳೆದು ಮೇಲಿನ ದಪ್ಪ ಪಿನ್ನಿನ ತೂತಿಗೆ ಕೊಟ್ಟು ‘ಅರ್ಥ್ ಆಯಿತು ಅಮ್ಮಾ’ ಎಂದು ಹೋಗಿಬಿಡುತ್ತಾರೆ. ಜುಮ್ಮೆನ್ನುವುದು ನಿಲ್ಲುತ್ತದೆ, ನಿಜ. ಆದರೆ ಎಂದಾದರೂ ನ್ಯೂಟ್ರಲ್ ಕಡಿದರೆ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ಟಿನ ಮೇಲೆ ಬಂದು ಕೂರುತ್ತದೆ. ಅದಕ್ಕೆ ಒಪ್ಪಬೇಡಿ, ಅಂಗಳದಲ್ಲಿ ಅರ್ಥ್ ಗುಂಡಿ ತೋಡಿಸಿ, ಅಲ್ಲಿಂದ ಪ್ರತ್ಯೇಕ ತಂತಿ ತರಿಸಿ. ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್ ಮಾಡುವ ಅಡಾಪ್ಟರ್‌ಗಳು ಮನೆಯಲ್ಲಿದ್ದರೆ ಕಂಪ್ಯೂಟರಿನ ಹತ್ತಿರಕ್ಕೂ ಬಿಡಬೇಡಿ.

ಪ್ರಶ್ನೆ: ಅಕ್ಕನ ಮದುವೆಯ ಮಿನಿ ಡಿವಿ ಕ್ಯಾಸೆಟ್‌ಗಳಿವೆ. ಕ್ಯಾಮ್‌ಕಾರ್ಡರ್‌ನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೂ ವಿಡಿಯೋ ಕಂಪ್ಯೂಟರಿಗೆ ಬರುವುದಿಲ್ಲ. ಇದಕ್ಕೆ ಯುಎಸ್‌ಬಿಯಿಂದ ಫೈರ್‌ವೈರ್‌ಗೆ (ಕ್ಯಾಮ್‌ಕಾರ್ಡರ್‌ಗಳ ವಿಡಿಯೋ ಜೋಡಣೆ) ಬದಲಿಸುವ ಅಡಾಪ್ಟರ್ ಕೊಳ್ಳಬಹುದೇ?
— ಓದುಗರು, ಆರ್.ಟಿ. ನಗರ

ಉತ್ತರ: ಕೊಳ್ಳಬೇಡಿ. ಆ ಪುಟ್ಟ ಅಡಾಪ್ಟರ್‌ಗಳು ಒಂದು ಪ್ಲಗ್‌ನ ಆಕಾರವನ್ನು ಇನ್ನೊಂದಕ್ಕೆ ಬದಲಿಸುತ್ತವೆಯೇ ಹೊರತು ಒಂದರ ಭಾಷೆಯನ್ನು ಇನ್ನೊಂದಕ್ಕೆ ತರ್ಜುಮೆ ಮಾಡುವುದಿಲ್ಲ. ಫೈರ್‌ವೈರ್ ಮತ್ತು ಯುಎಸ್‌ಬಿ ಒಳಗಿನಿಂದಲೇ ಬೇರೆ ವ್ಯವಸ್ಥೆಗಳು. ನಿಮ್ಮ ಕ್ಯಾಮ್‌ಕಾರ್ಡರ್‌ನ ಯುಎಸ್‌ಬಿ ಇರುವುದು ಮೆಮೊರಿ ಕಾರ್ಡಿನಲ್ಲಿರುವ ಸ್ಥಿರಚಿತ್ರಗಳಿಗೆ; ಕೆಲವು ಮಾದರಿಗಳಲ್ಲಿ ಕಡಿಮೆ ಗುಣಮಟ್ಟದ ವಿಡಿಯೋ ಅದರ ಮೂಲಕ ಬರುವುದುಂಟು, ಆದರೆ ಮದುವೆಯ ಕ್ಯಾಸೆಟ್ಟನ್ನು ಆ ಗುಣಮಟ್ಟದಲ್ಲಿ ಉಳಿಸಿಕೊಳ್ಳುವುದು ನಷ್ಟದ ಬಾಬತ್ತು.

ಕ್ಯಾಮ್‌ಕಾರ್ಡರ್‌ನಲ್ಲಿ ‘ಡಿವಿ’ ಅಥವಾ ‘ಐ.ಲಿಂಕ್’ ಎಂದು ಬರೆದ ನಾಲ್ಕು ಪಿನ್‌ನ ಸಣ್ಣ ಸಾಕೆಟ್ ಹುಡುಕಿ, ಅದೇ ಫೈರ್‌ವೈರ್. ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸಿ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಆರು ಪಿನ್ ಇರುವ ಕೇಬಲ್ ತರಬೇಕು. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಹಿಡಿಯುತ್ತದೆ, ಡಿಸ್ಕ್‌ನಲ್ಲಿ ಸುಮಾರು 13 ಜಿಬಿ ಜಾಗ ಬೇಕು. ಕಾರ್ಡ್ ಸಿಗದಿದ್ದರೆ ಹಳದಿ, ಕೆಂಪು, ಬಿಳಿ ತಂತಿಗಳ ಎ.ವಿ. ಔಟ್‌ಪುಟ್ಟನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ ಹಿಡಿದುಕೊಳ್ಳಬಹುದು, ಸ್ವಲ್ಪ ಸ್ಪಷ್ಟತೆ ಹೋಗುತ್ತದೆ. ಮಳೆಗಾಲದಲ್ಲಿ ಬೀರುವಿನಲ್ಲಿದ್ದ ಕ್ಯಾಸೆಟ್ ಆದರೆ ಮೊದಲು ಗಾಜಿನ ಕಿಂಡಿಯಲ್ಲಿ ಟೇಪಿನ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ, ಕ್ಯಾಮ್‌ಕಾರ್ಡರ್‌ನ ಹೆಡ್ ಹಾಳಾದೀತು.

ಪ್ರಶ್ನೆ: ಉಬುಂಟು ಲಿನಕ್ಸ್‌ನಲ್ಲಿ ಕ್ಯಾಮೆರಾದಿಂದ ಚಿತ್ರ ತರುವ ಜಿಫೋಟೋ2 ತಂತ್ರಾಂಶ ಬಳಸಿದರೆ ‘ಕುಡ್ ನಾಟ್ ಕ್ಲೈಮ್ ದಿ ಯುಎಸ್‌ಬಿ ಡಿವೈಸ್’ ಎನ್ನುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕೋರಮಂಗಲ

ಉತ್ತರ: ಕ್ಯಾಮೆರಾ ಜೋಡಿಸಿದ ಕ್ಷಣವೇ ಉಬುಂಟು ಅದನ್ನು ತಾನಾಗಿಯೇ ಮೌಂಟ್ ಮಾಡಿಕೊಂಡು, ಅಂದರೆ ತೆರೆದು, ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ, ಆದ್ದರಿಂದ ಜಿಫೋಟೋ2ಗೆ ಜಾಗವಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾವನ್ನು ಅನ್‌ಮೌಂಟ್ ಮಾಡಿ ಆಜ್ಞೆಯನ್ನು ಮತ್ತೆ ಕೊಡಿ. ಕಾರ್ಡ್ ರೀಡರ್ ಮೂಲಕ 64 ಜಿಬಿ ಕಾರ್ಡ್ ಓದುವುದಾದರೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2019ರ 5.4ನೇ ಆವೃತ್ತಿಯಿಂದ ಎಕ್ಸ್‌ಫ್ಯಾಟ್ ಒಳಗೇ ಸೇರಿದೆ ಎಂಬುದೂ ತಿಳಿದಿರಲಿ.

ಪ್ರಶ್ನೆ: ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸಿ ಮಾದರಿಯ ಪೋರ್ಟ್ ಇದೆ. ಫೋನ್ ಚಾರ್ಜರ್‌ನ ಸಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಚಿತ್ರಗಳು ಬಹಳ ನಿಧಾನವಾಗಿ ಬರುತ್ತವೆ. ತಂಗಿಯ ಅಗ್ಗದ ಆ್ಯಕ್ಷನ್ ಕ್ಯಾಮೆರಾ ಅದೇ ಕೇಬಲ್‌ನಲ್ಲಿ ಚಾರ್ಜ್ ಕೂಡ ಆಗುವುದಿಲ್ಲ.
— ತಂತ್ರಾಂಶ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಸಿ ಎಂಬುದು ಪ್ಲಗ್‌ನ ಆಕಾರದ ಹೆಸರು, ವೇಗದ ಹೆಸರಲ್ಲ. ಫೋನ್ ಚಾರ್ಜರ್‌ನೊಂದಿಗೆ ಬರುವ ಸಿ ಕೇಬಲ್‌ಗಳಲ್ಲಿ ಹೆಚ್ಚಿನವುಗಳೊಳಗೆ ಯುಎಸ್‌ಬಿ 2.0ರ ಮಾಹಿತಿ ತಂತಿಗಳಷ್ಟೇ ಇರುತ್ತವೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 5 ಅಥವಾ 10 ಗಿಗಾಬಿಟ್‌ನದ್ದಾದರೂ ಆ ಕೇಬಲ್‌ನಲ್ಲಿ 480 ಮೆಗಾಬಿಟ್‌ಗೆ ಇಳಿಯುತ್ತದೆ. ಕ್ಯಾಮೆರಾದ ಪೆಟ್ಟಿಗೆಯಲ್ಲಿ ಕೇಬಲ್ ಇದ್ದರೆ ಅದನ್ನೇ ಬಳಸಿ, ಇಲ್ಲವೇ ವೇಗವನ್ನು ಸ್ಪಷ್ಟವಾಗಿ ನಮೂದಿಸಿದ ಕೇಬಲ್ ಕೊಳ್ಳಿ. ಪ್ಲಗ್ಗನ್ನು ತಿರುಗಿಸಿ ಹಾಕಿದಾಗ ಮಾತ್ರ ವೇಗ ಬಂದರೆ ಸಾಕೆಟ್ಟಿನ ಒಂದು ಬದಿಯ ಪಿನ್‌ಗಳಲ್ಲಿ ಕೊಳೆ ಕೂತಿರಬಹುದು. ಕ್ಯಾಮೆರಾ ಆರಿಸಿ, ಬ್ಯಾಟರಿ ತೆಗೆದು, ಒಣ ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು.

ತಂಗಿಯವರ ಕ್ಯಾಮೆರಾದ ಕಥೆ ಬೇರೆ. ಎರಡು ತುದಿಯೂ ಸಿ ಆಗಿರುವ ಕೇಬಲ್‌ನಲ್ಲಿ, ಎದುರಿಗೆ ವಿದ್ಯುತ್ ಬೇಡುವ ಸಾಧನವಿದೆ ಎಂದು ಖಾತ್ರಿಯಾಗುವವರೆಗೆ ಚಾರ್ಜರ್ ಏನನ್ನೂ ಕೊಡುವುದಿಲ್ಲ. ಆ ಖಾತ್ರಿ ಸಿಗುವುದು ಸಾಧನದೊಳಗಿನ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳಿಂದ. ಪುಡಿಗಾಸಿನ ಉಳಿತಾಯಕ್ಕಾಗಿ ಕೆಲವು ಅಗ್ಗದ ಸಾಧನಗಳಲ್ಲಿ ಅವನ್ನು ಹಾಕಿಯೇ ಇರುವುದಿಲ್ಲ. ಒಂದು ತುದಿ ಹಳೆಯ ಆಯತಾಕಾರದ ಎ ಪ್ಲಗ್, ಇನ್ನೊಂದು ತುದಿ ಸಿ ಇರುವ ಕೇಬಲ್ ಬಳಸಲು ಹೇಳಿ. ಎ ಪೋರ್ಟ್ ಏನನ್ನೂ ಕೇಳದೆ 5 ವೋಲ್ಟ್ ಕೊಡುತ್ತದೆ, ಕ್ಯಾಮೆರಾ ಚಾರ್ಜ್ ಆಗುತ್ತದೆ.